ಐಸ್ ಪೆಟ್ಟಿಗೆಯ ಪಂಚನಾಮೆ

೨೦೦೭ರ ಮೇ ೧೪, ಬೆಳಿಗ್ಗೆ. ಬನಾರಸಿನ ಭೇಲೂಪುರದ ಔಷಧ ಪ್ರಯೋಗ ಕೇಂದ್ರವೊಂದರ ಮ್ಯಾನೇಜರ್ ಶ್ರೀವಾಸ್ತವ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದ. ಎಚ್‌ಐವಿ ರೋಗಿಗಳ ಮೇಲೆ ವಿದೇಶಿ ಕಂಪನಿ ನಡೆಸಿದ ಪ್ರಯೋಗ ಮುಗಿದಿತ್ತು. ಉಳಿದ ಔಷಧವನ್ನು ಸುಟ್ಟುಹಾಕಬೇಕಿತ್ತು. ಅಷ್ಟರಲ್ಲಿ ಅದೂ, ಅದನ್ನು ಸಾಗಿಸುವ ಐಸ್ ಪೆಟ್ಟಿಗೆಯೂ ಮಾಯವಾಗಿದ್ದವು. ಬೀಗ ಒಡೆದಿರಲಿಲ್ಲ.

"ಸುಡೋ ಮಾಲಿಗೆ ಇಷ್ಟು ಗಲಾಟೆಯಾ?" ಎಂದಳು ಎಎಸ್‌ಪಿ ಮೈತ್ರೇಯಿ. ದಾವಣಗೆರೆಯವಳು, ಕೆಲಸ ಅವಳನ್ನು ಬನಾರಸಿಗೆ ತಂದು ಹಾಕಿತ್ತು.

"ಮಾಲು ಕಂಪನಿಯದು, ಮೇಡಂ. ಸುಡೋ ಹಕ್ಕೂ ಕಂಪನಿಯದೇ."

ಎಫ್‌ಐಆರ್ ದಾಖಲಾಯಿತು. ಬೀಗದ ಕೈ ಇದ್ದವರಲ್ಲಿ ಒಬ್ಬ ಧಾರವಾಡದ ಫಾರ್ಮಸಿಸ್ಟ್ ಗುರುಪ್ರಕಾಶ. ಮೈತ್ರೇಯಿ ಕನ್ನಡದಲ್ಲಿ ಕೇಳಿದಳು, ಅವನು ಹಿಂದಿಯಲ್ಲೇ ಉತ್ತರಿಸಿದ. ಪರವೂರಲ್ಲಿ ಕನ್ನಡ ಕೇಳಿದರೆ ಜೀವ ಬಿಡುವ ಜನ ನಾವು. ಇವನಿಗೇನಾಗಿದೆ ಎಂದು ಅವಳಿಗೆ ಚುಚ್ಚಿತು.

ಹೆಡ್ ಕಾನ್‌ಸ್ಟೇಬಲ್ ರಾಮ್‌ಸೂರತ್ ಯಾದವ್ ಎರಡು ದಿನ ಔಷಧದಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಮರಳಿದ.

"ಮಾರೋ ಕಳ್ಳ ಐಸ್ ಪೆಟ್ಟಿಗೆ ಯಾಕೆ ಒಯ್ತಾನೆ, ಯಾದವ್‌ಜೀ? ಇವನಿಗೆ ಔಷಧ ಕೆಡಬಾರದು. ಯಾರೋ ಅದನ್ನ ನುಂಗ್ತಿದ್ದಾರೆ. ಫ್ರಿಜ್ ನಂಬೋಣ ಅಂದ್ರೆ ಕರೆಂಟಂತೂ ಇರಲ್ಲ. ಐಸ್ ಮಾರೋರನ್ನ ಕೇಳಿ."

ಸೋನಾರ್‌ಪುರದ ಐಸ್ ವ್ಯಾಪಾರಿ ತಲೆ ಕೆರೆದುಕೊಂಡ. "ಠಂಡಾಯಿ ಶರಬತ್ತಿನವರೆಲ್ಲ ಹಳೇ ಗಿರಾಕಿಗಳು, ಸಾಹೇಬ್. ಹೊಸಬರು ಅಂದ್ರೆ ಕರ್ನಾಟಕದ ಮಠದ ಅಡುಗೆ ಮಾತಾಜಿ. ದಿನಾ ಬರ್ಫ್ ಒಯ್ತಾರೆ."

ಮೈತ್ರೇಯಿಗೆ ಆ ಮಠದ ದಾಸೋಹ ಗೊತ್ತಿತ್ತು. ಮೇ ತಿಂಗಳ ಬಿಸಿಲಲ್ಲೂ ಅಲ್ಲಿ ಹೊಗೆಯಾಡುವ ಸಾರು, ಕುಡಿಯಲು ಮಡಕೆಯ ನೀರು. ಐಸ್ ಹೊಸಿಲು ದಾಟಿದ್ದನ್ನು ಅವಳು ನೋಡಿರಲಿಲ್ಲ.

ಮೇ ೧೭ರ ಮಧ್ಯಾಹ್ನ, ಮಠದ ಉಗ್ರಾಣದಲ್ಲಿ, ಹುಣಸೆಹಣ್ಣಿನ ಭರಣಿಗಳ ಹಿಂದೆ ಪೆಟ್ಟಿಗೆ ಸಿಕ್ಕಿತು. ಅಡುಗೆಯ ಅನ್ನದಾನಮ್ಮ ಸೆರಗಿನಲ್ಲಿ ಕೈ ಒರೆಸುತ್ತ ನಿಂತಳು.

"ಯಾರು ಕೊಟ್ಟರಮ್ಮಾ?"

"ಲಿಂಗದಾಣಿ, ಹೇಳಂಗಿಲ್ಲ. ನನ್ನ ಜಡ್ಡು ಇಲ್ಲಿ ಯಾರಿಗೂ ಗೊತ್ತಿಲ್ರೀ. ಗೊತ್ತಾದ್ರ ನನ್ನ ಕೈಲಿ ಯಾರು ಉಣ್ತಾರ?"

"ಆಕಿನ್ನ ಬಿಡ್ರೀ, ಮೇಡಂ. ಕದ್ದಾಂವ ನಾನು." ಬಾಗಿಲಲ್ಲಿ ಗುರುಪ್ರಕಾಶ. ಸೋನಾರ್‌ಪುರದಲ್ಲಿ ಪೊಲೀಸರು ಐಸಿನ ಸುದ್ದಿ ಕೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಈಗ ಅವನ ಬಾಯಲ್ಲಿ ಕನ್ನಡ ಬಂತು.

"ಸರ್ಕಾರದ ಆಸ್ಪತ್ರೇಲಿ ಪುಕ್ಕಟೆ ಗುಳಿಗೆ ಕೊಡ್ತಾರಲ್ಲ?"

"ಅವು ಆಕಿಗೆ ಈಗ ನಾಟೂದಿಲ್ರೀ. ಬದುಕಿಸೂದು ಇದೊಂದ. ನಮ್ಮ ದೇಶದ ಕಂಪನಿ ಇದನ್ನ ಅಗ್ಗದಾಗ ಮಾಡ್ತೀನಂತು, ಪೇಟೆಂಟ್ ಅಡ್ಡ ಬಂತು. ಪೇಟೆಂಟ್ ಇದ್ದರೂ ಬ್ಯಾರೇದವರಿಗೆ ಮಾಡಾಕ ಸರ್ಕಾರ ಅಪ್ಪಣಿ ಕೊಡಬಹುದು, ಕಡ್ಡಾಯ ಲೈಸೆನ್ಸ್ ಅಂತ. ಕಾಯ್ದೇದಾಗ ಐತಿ. ದಿಲ್ಲಿಗೆ ಅರ್ಜಿ ಹಾಕಿದಿವಿ. ಉತ್ತರ ಇಲ್ಲ."

ಮೈತ್ರೇಯಿಗೆ ಆ ಕಲಮು ಬಾಯಿಪಾಠ ಬರುತ್ತಿತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಈ ಉಗ್ರಾಣದಲ್ಲಿ ಅದು ಮೂರು ಕಾಸಿನ ಪ್ರಯೋಜನಕ್ಕೂ ಬರಲಿಲ್ಲ, ಅವಳಿಗೆ ತನ್ನ ಮೇಲೇ ರೇಗಿತು.

ಇಬ್ಬರು ಪಂಚರ ಮುಂದೆ ಪಂಚನಾಮೆ ಆಯಿತು. ಯಾದವ್ ಪೆಟ್ಟಿಗೆಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ.

"ಸೀಲ್ ಆದ ಮ್ಯಾಲ ಐಸ್ ಹಾಕೋರು ಯಾರ್ರೀ?" ಗುರುಪ್ರಕಾಶ ಕೇಳಿದ. ನ್ಯಾಯಾಲಯದ ಅಪ್ಪಣೆಯಿಲ್ಲದೆ ಮುದ್ರೆ ಒಡೆಯುವಂತಿಲ್ಲ. ಮೈತ್ರೇಯಿ ಶ್ರೀವಾಸ್ತವನಿಗೆ ಫೋನ್ ಮಾಡಿದಳು.

"ನ್ಯಾಯಾಲಯ ಬಿಡುಗಡೆ ಮಾಡಿದರೆ ಆ ಹೆಂಗಸಿಗೇ ಕೊಡ್ತೀರಾ?"

"ಇಲ್ಲ ಮೇಡಂ. ಸುಡ್ತೀವಿ. ನಿಯಮ."

ಗುರುಪ್ರಕಾಶನ ಬಂಧನವಾಯಿತು. ಸಂಜೆ ಠಾಣೆಯಲ್ಲಿ ಯಾದವ್ ಕೇಸ್ ಡೈರಿ ತೆರೆದು, "ಉದ್ದೇಶ ಏನಂತ ಬರೀಲಿ? ಹಣದಾಸೆ?" ಎಂದ.

ಮೈತ್ರೇಯಿ ಪೆನ್ನು ಕಸಿದುಕೊಂಡು, ಗುರುಪ್ರಕಾಶ ಹೇಳಿಕೆಯಲ್ಲಿ ತಿಳಿಸಿದ್ದನ್ನು ತಾನೇ ಬರೆದಳು. ಪ್ರಯೋಗಕ್ಕೆ ಸೇರಿಸುವಾಗ ಇಂಗ್ಲಿಷ್ ಒಪ್ಪಿಗೆ ಪತ್ರವನ್ನು ಅನ್ನದಾನಮ್ಮನಿಗೆ ಕನ್ನಡದಲ್ಲಿ ತಿಳಿಸಿ ಹೇಳಿದವನು ಗುರುಪ್ರಕಾಶ. ಮುಂದೆ ಔಷಧ ನಿಂತರೆ ಎಂದು ಅವಳು ಕೇಳಿದ್ದಳು. ನಿಲ್ಲುವುದಿಲ್ಲ, ನಾನಿದ್ದೇನೆ ಎಂದು ಅವನು ಮಾತು ಕೊಟ್ಟಿದ್ದ.

ಬರೆದು ಮುಗಿಸುವಷ್ಟರಲ್ಲಿ, ಮುದ್ರೆ ಒತ್ತಿದ ಪೆಟ್ಟಿಗೆ ಇಟ್ಟಿದ್ದ ಮಾಲ್‌ಖಾನೆಯ ಬಾಗಿಲ ಕೆಳಗಿನಿಂದ ನೀರು ಹರಿದು ಬಂದಿತ್ತು. ಕಾನ್‌ಸ್ಟೇಬಲ್ ಒಬ್ಬ ಗೊಣಗುತ್ತ ಅದನ್ನು ಒರೆಸಿದ.