ಹಾಜಿಯವರ ಎದುರು ನಿಲ್ಲುವವರು

1996ನೇ ಇಸವಿ ಅಕ್ಟೋಬರ್ 15, ಮಂಗಳವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ದೋಹಾದ ಅಲ್ ಗರಾಫಾ ಕಡೆಯ ಪೊಲೀಸ್ ಠಾಣೆಗೆ ರೋಸಲಿನ್ ಎಂಬ ಹೆಂಗಸು ಬಂದಳು. ಅವಳ ಹಿಂದೆ ಗಂಡ ಯೂಜಿನ್. ದೂರು ಗಂಡನದು, ಧೈರ್ಯ ಹೆಂಡತಿಯದು. ಪರದೇಶದಲ್ಲಿ ಪೊಲೀಸ್ ಠಾಣೆಗೆ ಕಾಲಿಡುವುದೆಂದರೆ ನಮ್ಮವರಿಗೆ ಹಾವಿನ ಹುತ್ತಕ್ಕೆ ಕೈ ಹಾಕಿದ ಹಾಗೆ. ಯೂಜಿನ್ ಬಾಗಿಲಲ್ಲೇ ಎರಡು ಸಲ ನಿಂತ.

ಆ ಠಾಣೆಯಲ್ಲಿ ಕನ್ನಡ ಬಲ್ಲವನು ಒಬ್ಬನೇ, ದುಭಾಷಿ ಕಾನ್‌ಸ್ಟೇಬಲ್ ಶರೀಫ್. ಬಂಟ್ವಾಳದ ಕಡೆಯವನು. ಹದಿನಾಲ್ಕು ವರ್ಷದಿಂದ ಅದೇ ಮೇಜು, ಅದೇ ಕೆಲಸ, ಊರಿನವರ ಅಳುವನ್ನು ಅರಬ್ಬಿಗೆ ತಿರುಗಿಸುವುದು. ಬ್ಯಾರಿಯಲ್ಲಿ ಅಳಲಿ, ತುಳುವಿನಲ್ಲಿ ಅಳಲಿ, ಅರಬ್ಬಿಯಲ್ಲಿ ಅದು ಎರಡು ಸಾಲಾಗುತ್ತಿತ್ತು. ಅವನಿಗೆ ಈ ಕೆಲಸ ಸಾಕಾಗಿ ಬಹಳ ಕಾಲವಾಗಿತ್ತು. ಬಿಟ್ಟರೆ ಬೇರೆ ಏನು ಮಾಡುವುದೆಂದು ಗೊತ್ತಿರಲಿಲ್ಲ ಅಷ್ಟೆ.

"ಎಂತ ಆಯ್ತು ಹೇಳಿ," ಎಂದ ಶರೀಫ್.

"ಇವರ ವೀಸಾ ಕ್ಯಾನ್ಸಲ್ ಮಾಡಿದ್ದಾರೆ," ಎಂದಳು ರೋಸಲಿನ್. "ಬರುವ ಸೋಮವಾರದ ಒಳಗೆ ದೇಶ ಬಿಡ್ಬೇಕಂತೆ. ಹದಿನೇಳು ವರ್ಷ ಆಯ್ತು ನಾವು ಇಲ್ಲಿಗೆ ಬಂದು. ಮಗಳು ಟೀನಾಗೆ ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಎಕ್ಸಾಮ್. ಈಗ ಎಲ್ಲಿಗೆ ಕರ್ಕೊಂಡು ಹೋಗ್ಲಿಕ್ಕೆ?"

"ಕಾರಣ ಎಂತ ಹೇಳಿದ್ರು?"

ಯೂಜಿನ್ ಜೇಬಿನಿಂದ ಒಂದು ಕಾಗದ ತೆಗೆದ. ಅವನ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಧಣಿಗೆ, ಅಂಚೆಯಲ್ಲಿ ಬಂದ ಅನಾಮಧೇಯ ಪತ್ರದ ಪ್ರತಿ ಅದು. ಅರಬ್ಬಿಯಲ್ಲಿ ಟೈಪ್ ಮಾಡಿದ್ದು. ಯೂಜಿನ್, ಮುದ್ದುಕೃಷ್ಣ, ನವಾಝ್ ಎಂಬ ಮೂವರು ಭಾರತೀಯರು ಗುಟ್ಟಾಗಿ ರಾಜಕೀಯ ಪಕ್ಷ ಕಟ್ಟುತ್ತಿದ್ದಾರೆ, ಇಂಥವರನ್ನು ಕೆಲಸಕ್ಕೆ ಇಟ್ಟುಕೊಂಡವರೂ ಜವಾಬ್ದಾರರು, ಎಂದು ಅದರಲ್ಲಿತ್ತು.

ಶರೀಫ್ ಕಾಗದವನ್ನು ಇನ್ಸ್‌ಪೆಕ್ಟರ್ ಖಲ್ಫಾನ್ ಅವರ ಮುಂದಿಟ್ಟ. ಖಲ್ಫಾನ್‌ಗೆ ಸಕ್ಕರೆ ಕಾಯಿಲೆ. ಸಪ್ಪೆ ಚಹಾ ಕುಡಿಯಲು ಶುರು ಮಾಡಿದ ಮೇಲೆ ಅವರಿಗೆ ಲೋಕದ ಯಾವುದರಲ್ಲೂ ರುಚಿ ಉಳಿದಿರಲಿಲ್ಲ.

"ಪಕ್ಷವೆ?" ಎಂದು ಕೇಳಿದರು.

"ಪಕ್ಷ ಅಲ್ಲ ಸರ್," ಎಂದ ಯೂಜಿನ್. "ನಮ್ಮದು ದೋಹಾ ಕರಾವಳಿ ಬಳಗ. ರಾಜ್ಯೋತ್ಸವ ಮಾಡ್ತೇವೆ. ಯಾರಾದ್ರೂ ತೀರಿಕೊಂಡ್ರೆ ಬಾಡಿ ಊರಿಗೆ ಕಳಿಸ್ತೇವೆ. ಹನ್ನೆರಡು ವರ್ಷದಿಂದ ಮೊಹಮ್ಮದ್ ಹಾಜಿಯವರೇ ಪ್ರೆಸಿಡೆಂಟ್. ಪ್ರತಿ ಸಲ ಅವಿರೋಧ. ಈ ಸಲ ನಾನು ನಿಲ್ತೇನೆ ಅಂತ ಹೇಳಿದ್ದೆ. ಅಷ್ಟೇ ನನ್ನ ತಪ್ಪು."

"ಅಧ್ಯಕ್ಷನಿಗೆ ಸಂಬಳ ಎಷ್ಟು?" ಖಲ್ಫಾನ್ ಶರೀಫನನ್ನು ಕೇಳಿದರು.

"ಮಾಫಿ ಸರ್, ಏನೂ ಇಲ್ಲ. ಕೈಯಿಂದಲೇ ಹೋಗುತ್ತದೆ."

"ಹಾಗಾದರೆ ಯಾಕೆ ನಿಲ್ಲುತ್ತಾರೆ?"

ಶರೀಫ್ ದೂರಿನ ಪುಸ್ತಕ ತೆರೆದ.

10.40ಕ್ಕೆ ದೂರು ದಾಖಲಾಯಿತು. ನಮ್ಮ ಊರಿನ ಭಾಷೆಯಲ್ಲಿ ಎಫ್‌ಐಆರ್. ಖಲ್ಫಾನ್ ಯೂಜಿನ್‌ನ ಕಫೀಲನಿಗೆ ಫೋನ್ ಮಾಡಿದರು. ಆತ ಕೆಟ್ಟವನೇನಲ್ಲ, ಹೆದರಿದವನು. ಪತ್ರ ಸುಳ್ಳೆಂದು ಪೊಲೀಸರು ಸೋಮವಾರದೊಳಗೆ ಬರೆದುಕೊಟ್ಟರೆ ಕ್ಯಾನ್ಸಲ್ ಹಿಂದೆ ತೆಗೆಯುತ್ತೇನೆ, ಇಲ್ಲದಿದ್ದರೆ ನನ್ನ ಲೈಸೆನ್ಸ್ ನಾನು ನೋಡಿಕೊಳ್ಳಬೇಕು ಎಂದ. ಅಂದರೆ ಉಳಿದದ್ದು ಆರು ದಿನ. ಸಂಜೆಯೊಳಗೆ ಕಾನ್‌ಸ್ಟೇಬಲ್ ಸಾಲಿಹ್ ಅಸಲು ಲಕೋಟೆ ತಂದ. ಅಂಚೆ ಮುದ್ರೆ ಅಕ್ಟೋಬರ್ 12, ಶನಿವಾರ. ಉಳಿದಿಬ್ಬರ ಕಫೀಲರಿಗೂ ಅದೇ ಪತ್ರ ಹೋಗಿತ್ತು. ಮುದ್ದುಕೃಷ್ಣನ ಕಫೀಲ ಅದನ್ನು ಓದದೆ ಬುಟ್ಟಿಗೆ ಹಾಕಿದ್ದ. ನವಾಝ್‌ನ ಕಫೀಲ ರಜೆಯಲ್ಲಿದ್ದ. ಏಟು ಬಿದ್ದದ್ದು ಯೂಜಿನ್‌ಗೆ ಮಾತ್ರ.

ಪೊಲೀಸರಿಗಿಂತ ಮೊದಲೇ ಊರಿನವರು ತನಿಖೆ ಮುಗಿಸಿದ್ದರು. ಹಾಜಿಯವರ ಕಡೆಯವರೇ ಬರೆದದ್ದು ಎಂದು ಕ್ರಿಶ್ಚಿಯನ್ನರಲ್ಲಿ ಕೆಲವರು ಹೇಳಿದರು. ಹಾಜಿಯವರ ಹೆಸರು ಕೆಡಿಸಲು ಯೂಜಿನ್ ತಾನೇ ಬರೆದುಕೊಂಡಿದ್ದಾನೆ ಎಂದು ಉಮ್ಮ್ ಸಲಾಲ್‌ನ ಅಂಗಡಿಗಳಲ್ಲಿ ಬ್ಯಾರಿ ಮುಸ್ಲಿಮರು ಹೇಳಿದರು. ಶುಕ್ರವಾರ ಒಟ್ಟಿಗೆ ಕ್ರಿಕೆಟ್ ಆಡುತ್ತಿದ್ದವರು ಈಗ ಮುಖ ತಿರುಗಿಸುತ್ತಿದ್ದರು. ಇದನ್ನು ಕೇಳಿ ಶರೀಫನಿಗೆ ಸಿಟ್ಟು ಬಂತು, ಆಮೇಲೆ ಬೇಸರ ಬಂತು.

ಅಕ್ಟೋಬರ್ 16, ಬುಧವಾರ, ಹನ್ನೊಂದು ಗಂಟೆ. ಹಾಜಿಯವರನ್ನು ಠಾಣೆಗೆ ಕರೆಸಲಾಯಿತು. ಅಲ್ ಅಜೀಜಿಯಾದಲ್ಲಿ ಪಾತ್ರೆ ಅಂಗಡಿ, ವಯಸ್ಸು ಐವತ್ತೆಂಟು, ನೋಡಲಿಕ್ಕೆ ಎಪ್ಪತ್ತು. ಅವರು ಒಳಗೆ ಬಂದಾಗ ಶರೀಫ್ ತನಗೆ ತಿಳಿಯದೆ ಎದ್ದು ನಿಂತ. ಖಲ್ಫಾನ್ ಅವನನ್ನು ನೋಡಿದರು. ಅವನು ಕುಳಿತುಕೊಂಡ.

"ಈ ಪತ್ರ ನೀವು ಬರೆಸಿದ್ದಾ?"

"ಇಲ್ಲ."

"ಯೂಜಿನ್ ಗೆದ್ದರೆ ನಷ್ಟ ನಿಮಗೇ ಅಲ್ವಾ?"

ಹಾಜಿಯವರು ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಯೂಜಿನ್‌ಗೆ ನಿಲ್ಲು ಅಂತ ಹೇಳಿದ್ದೇ ನಾನು," ಎಂದರು.

ಶರೀಫ್ ಇದನ್ನು ಅರಬ್ಬಿಗೆ ತಿರುಗಿಸುವುದನ್ನು ಮರೆತ. ಖಲ್ಫಾನ್ ಮೇಜು ತಟ್ಟಿದ ಮೇಲೆ ತಿರುಗಿಸಿದ.

"ಬಿಡಬೇಕು ಅನ್ನಿಸಿದರೆ ರಾಜೀನಾಮೆ ಕೊಡಬಹುದಿತ್ತಲ್ಲ?"

"ಎರಡು ಸಲ ಕೊಟ್ಟೆ. ಎರಡು ಸಲವೂ ಸ್ಟೇಜಿನಲ್ಲಿ ಹಾರ ಹಾಕಿ ಕೂತುಕೊಳ್ಳಿಸಿದ್ರು. ಹೆಂಗಸರು ಅತ್ತರು. ಬಿಡ್ತೇನೆ ಅಂದ್ರೆ ಬಿಡುವುದಿಲ್ಲ, ಸೋತರೆ ಬಿಡ್ತಾರೆ." ಟೊಪ್ಪಿಯನ್ನು ಮಡಚುತ್ತ ಮುಂದುವರಿಸಿದರು. "ಹೋದ ತಿಂಗಳು ಒಬ್ಬ ಮೇಸ್ತ್ರಿ ಬಿದ್ದು ಸತ್ತ. ಫೋನ್ ಬಂತು. ಒಂದು ಗಂಟೆ ನಾನು ಕುರ್ಚಿಯಿಂದ ಏಳಲಿಲ್ಲ ಮಾರಾಯ. ಕಾಲು ಸರಿ ಉಂಟು, ಮನಸ್ಸೇ ಏಳುವುದಿಲ್ಲ. ಅವತ್ತು ಗೊತ್ತಾಯ್ತು, ಇನ್ನು ಸಾಕು ಅಂತ."

"ಈ ಒಪ್ಪಂದ ಯಾರಿಗೆ ಗೊತ್ತು?"

"ನನಗೆ, ಯೂಜಿನ್‌ಗೆ. ಹೊರಗೆ ಗೊತ್ತಾದ್ರೆ ಅವನಿಗೆ ಯಾರು ಓಟು ಹಾಕ್ತಾರೆ?"

ಯೂಜಿನ್‌ಗೆ ಫೋನ್ ಮಾಡಿ ಕೇಳಿದಾಗ ಅವನು ಒಪ್ಪಿಕೊಂಡ. ಹಾಜಿಯವರಿಗೆ ಮಾತು ಕೊಟ್ಟಿದ್ದೆ, ಅದಕ್ಕೆ ನಿನ್ನೆ ಹೇಳಲಿಲ್ಲ ಎಂದ. ಹೆಂಡತಿಗೂ ಹೇಳಿರಲಿಲ್ಲ. ದೇಶ ಬಿಡುವ ಹೊತ್ತು ಬಂದರೂ ಮಾತು ಬಿಡದ ಮನುಷ್ಯನ ಮೇಲೆ ಶರೀಫನಿಗೆ ಗೌರವವೂ ಬಂತು, ಎರಡು ಬಾರಿಸಬೇಕೆಂದೂ ಅನ್ನಿಸಿತು.

ಅಕ್ಟೋಬರ್ 17, ಗುರುವಾರ, ಬೆಳಿಗ್ಗೆ ಎಂಟೂವರೆ. ಪತ್ರದಲ್ಲಿದ್ದ ಮೂರು ಹೆಸರುಗಳನ್ನು ಖಲ್ಫಾನ್ ಒಂದರ ಕೆಳಗೊಂದು ಬರೆಸಿದರು. ಯೂಜಿನ್ ನಿಲ್ಲುವುದು ಎಲ್ಲರಿಗೂ ಗೊತ್ತಿತ್ತು. ಮುದ್ದುಕೃಷ್ಣ ಪ್ರತಿ ಎರಡು ವರ್ಷಕ್ಕೊಮ್ಮೆ ನಿಲ್ಲುತ್ತೇನೆಂದು ಸಾರಿ ಕೊನೆಯ ದಿನ ಹಿಂದೆ ಸರಿಯುವವನು, ಅದೂ ಎಲ್ಲರಿಗೂ ಗೊತ್ತು. ಮೂರನೆಯವನು ನವಾಝ್, ಯೂಜಿನ್‌ನ ಆಫೀಸಿನ ಪಕ್ಕದ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಅವನನ್ನು ಅಲ್ಲಿಗೇ ಹೋಗಿ ಪ್ರಶ್ನಿಸಿದರು.

"ನೀನೂ ನಿಲ್ತಿಯಾ?" ಶರೀಫ್ ಕೇಳಿದ.

"ನಾನು ಎಂತಕ್ಕೆ ನಿಲ್ಲುವುದು? ನಾನು ಯೂಜಿನಣ್ಣನ ಡಮ್ಮಿ."

ಡಮ್ಮಿ ಎಂದರೇನೆಂದು ಖಲ್ಫಾನ್‌ಗೆ ತಿಳಿಯಲಿಲ್ಲ. ಶರೀಫ್ ವಿವರಿಸಿದ. ನಮ್ಮ ಊರಿನ ಚುನಾವಣೆಯಲ್ಲಿ ಹೀಗೊಂದು ರೂಢಿ. ಅಸಲು ಅಭ್ಯರ್ಥಿಯ ಅರ್ಜಿ ಏನಾದರೂ ತಪ್ಪಿನಿಂದ ತಿರಸ್ಕಾರವಾದರೆ ಇರಲಿ ಎಂದು ಅವನ ಕಡೆಯ ಇನ್ನೊಬ್ಬ ನಾಮಪತ್ರ ಹಾಕುತ್ತಾನೆ. ಅಸಲಿನದು ಸರಿಯಾದರೆ ಇವನು ಹಿಂದೆ ತೆಗೆಯುತ್ತಾನೆ.

"ಅಂದರೆ ನಿಲ್ಲದೆ ಇರುವುದಕ್ಕಾಗಿ ನಿಲ್ಲುತ್ತಾನೆ," ಎಂದರು ಖಲ್ಫಾನ್. "ನಾನೂರು ಓಟಿನ ಸಂಘಕ್ಕೆ."

"ಹೌದು ಸರ್. ನಾವು ಹಾಗೆಯೇ." ಹೇಳುವಾಗ ಶರೀಫನಿಗೆ ಸ್ವಲ್ಪ ನಾಚಿಕೆಯಾಯಿತು.

"ಇವನು ಡಮ್ಮಿ ಎಂದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ ಸರ್," ಎಂದ ನವಾಝ್. "ನನ್ನ ಹೆಂಡತಿ ಫಸೀಲಾಗೂ ಹೇಳಿಲ್ಲ. ಹಾಜಿಯವರ ವಿರುದ್ಧ ಫಾರ್ಮ್ ತಂದಿದ್ದೇನೆ ಅಂದ್ರೆ ಅವಳು ಮನೆಗೆ ಸೇರಿಸ್ಲಿಕ್ಕಿಲ್ಲ. ಯೂಜಿನಣ್ಣನಿಗೆ ಗೊತ್ತು. ಮತ್ತೆ ಫಾರ್ಮ್ ಕೊಟ್ಟವರಿಗೆ."

"ಯಾವತ್ತು ತಂದದ್ದು?"

"ಹೋದ ಗುರುವಾರ ಸಂಜೆ."

ಗುರುವಾರ ಹತ್ತನೇ ತಾರೀಕು. ಪತ್ರ ಅಂಚೆಗೆ ಬಿದ್ದದ್ದು ಹನ್ನೆರಡಕ್ಕೆ. ನವಾಝ್‌ನ ಹೆಸರು ಗೊತ್ತಿದ್ದವರು ಮೂವರೇ. ಇಬ್ಬರು ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಳ್ಳುವವರಲ್ಲ. ಉಳಿದವರು ಫಾರ್ಮ್ ಕೊಟ್ಟ ಚುನಾವಣಾಧಿಕಾರಿ.

"ಯಾರು ಅವರು?" ಖಲ್ಫಾನ್ ಕೇಳಿದರು.

"ಬೊನವೆಂಚರ್ ಅಂಕಲ್," ಎಂದ ಶರೀಫ್. "ಸರ್, ಅವರಾಗಿರಲಿಕ್ಕಿಲ್ಲ."

"ಯಾಕೆ?"

ಶರೀಫ್ ಯೋಚಿಸಿದ. ಅವರು ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಒಬ್ಬರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ, ಯೂಜಿನ್‌ನ ಮದುವೆ ಕುದುರಿಸಿದ್ದೂ ಅವರೇ. ಇವೆಲ್ಲ ಕಾರಣಗಳೇ ಅಲ್ಲ ಎಂದು ಹದಿನಾಲ್ಕು ವರ್ಷದ ನೌಕರಿ ಅವನಿಗೆ ಕಲಿಸಿತ್ತು. "ಯಲ್ಲಾ, ಹೋಗೋಣ ಸರ್," ಎಂದ.

ಮಧ್ಯಾಹ್ನ ಎರಡೂವರೆಗೆ ಖಲ್ಫಾನ್, ಶರೀಫ್, ಸಾಲಿಹ್ ಮೂವರೂ ಅಲ್ ಗರಾಫಾದಲ್ಲಿದ್ದ ಅವರ ಎರಡು ಕೋಣೆಯ ಫ್ಲ್ಯಾಟಿಗೆ ಹೋದರು. ಬೊನವೆಂಚರ್ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದರು. ವಯಸ್ಸು ಅರವತ್ತಮೂರು, ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತ, ಒಂಟಿ ಬದುಕು. ಪೊಲೀಸರನ್ನು ಕಂಡು ಕೈ ಒರೆಸಿಕೊಂಡು ಕುರ್ಚಿ ಕೊಟ್ಟರು.

"ಅಂಕಲ್, ನಿಮಗೆ ಅರಬ್ಬಿ ಟೈಪಿಂಗ್ ಬರ್ತದಾ?"

"ಬರ್ತದೆ."

"ನವಾಝ್ ಫಾರ್ಮ್ ತಕೊಂಡದ್ದು ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ. ಅದು ಗುಟ್ಟಿನ ವಿಷಯ. ನಾನು ಹೇಗೆ ಹೇಳುವುದು?"

ಅಕ್ಕಪಕ್ಕದ ಮನೆಯ ಇಬ್ಬರನ್ನು ಸಾಕ್ಷಿಗೆ ಕರೆದು ಪಂಚನಾಮೆ ಶುರುವಾಯಿತು. ಹೆಚ್ಚು ಹುಡುಕಬೇಕಾಗಲಿಲ್ಲ. ಕಪಾಟಿನಲ್ಲಿ ಫೈಲುಗಳು ವರ್ಷವಾರು ನಿಂತಿದ್ದವು. 'ಚುನಾವಣೆ 1996' ಎಂಬ ಫೈಲಿನಲ್ಲಿ ಮೂರು ಅರಬ್ಬಿ ಪತ್ರಗಳ ಆಫೀಸ್ ಕಾಪಿ ಪಂಚ್ ಮಾಡಿ ಸೇರಿಸಿಟ್ಟಿದ್ದರು. ಪಕ್ಕದಲ್ಲಿ ಹೊರಗೆ ಕಳಿಸಿದ ಕಾಗದಗಳ ರಿಜಿಸ್ಟರಿನಲ್ಲಿ ಔಟ್‌ವರ್ಡ್ ನಂಬರ್ 41, 42, 43, ದಿನಾಂಕ 12-10-96, ಮುಂದೆ ಮೂವರು ಕಫೀಲರ ಪೋಸ್ಟ್ ಬಾಕ್ಸ್ ನಂಬರು.

ಹೆಸರಿಲ್ಲದ ಪತ್ರಕ್ಕೆ ಔಟ್‌ವರ್ಡ್ ನಂಬರು! ಖಲ್ಫಾನ್ ಅದನ್ನು ಎರಡು ಸಲ ನೋಡಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ನಗು ಬರುವ ಹಾಗಿತ್ತು, ಬರಲಿಲ್ಲ.

"ಇದನ್ನು ಯಾಕೆ ಇಟ್ಟುಕೊಂಡಿರಿ ಅಂಕಲ್?"

"ನಂಬರ್ ಹಾಕದೆ ಕಾಗದ ಹೊರಗೆ ಕಳಿಸಿದ್ದೇ ಇಲ್ಲ ಮಗ ನಾನು," ಎಂದರು ಬೊನವೆಂಚರ್. ಸುಳ್ಳು ಹೇಳುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. 3.50ಕ್ಕೆ ಅವರನ್ನು ಬಂಧಿಸಲಾಯಿತು.

ಹೇಳಿಕೆ ಠಾಣೆಯಲ್ಲಿ ದಾಖಲಾಯಿತು. ಎಂಟು ವರ್ಷದ ಹಿಂದೆ ಬೊನವೆಂಚರ್ ಅವರ ಹೆಂಡತಿ ದೋಹಾದಲ್ಲೇ ತೀರಿಕೊಂಡರು. ಕಚೇರಿಯಲ್ಲಿ ಕೆಲಸ ಜಾಸ್ತಿಯಿದೆ ಎಂದು ಅವರ ಕಫೀಲ ದೇಶದಿಂದ ಹೊರಗೆ ಹೋಗುವ ಪರ್ಮಿಟ್ ಕೊಡಲಿಲ್ಲ.

"ಅವಳ ಬಾಡಿಯ ಬಾಕ್ಸ್ ಜೊತೆ ಊರಿಗೆ ಹಾಜಿಯವರು ಹೋದರು," ಎಂದರು. "ಶಿರ್ವದ ಇಗರ್ಜಿಯ ಸಮಾಧಿಯ ತನಕ ಹೋದರು. ನಾನು ಇಲ್ಲಿ ಬಿಲ್ ಟೈಪ್ ಮಾಡ್ತಾ ಕೂತಿದ್ದೆ. ನನ್ನ ಬದಲಿಗೆ ಅವಳಿಗೆ ಮೂರು ಹಿಡಿ ಮಣ್ಣು ಹಾಕಿದ್ದು ಅವರು. ಅಂಥವರ ಎದುರು ಇವರೆಲ್ಲ ನಿಂತು ಓಟು ಕೇಳುವುದಾ? ಒಂದು ಓಟು ಅವರ ವಿರುದ್ಧ ಬಿದ್ದರೂ ನಾನು ಅದನ್ನು ಹೇಗೆ ಎಣಿಸುವುದು?"

ಶರೀಫನಿಗೆ ತಡೆಯಲಾಗಲಿಲ್ಲ. "ಕಫೀಲ ನಿಮ್ಮನ್ನು ಬಿಡಲಿಲ್ಲ ಅಂತ ಹೇಳ್ತೀರಿ. ಯೂಜಿನ್‌ನನ್ನು ಕಫೀಲನ ಕೈಯಲ್ಲೇ ಹೊಡೆಸಿದ್ರಲ್ಲ ಅಂಕಲ್? ಟೀನಾ ಎಂತ ಮಾಡಿದ್ಲು ನಿಮಗೆ?"

"ಹೆದರಿ ಫಾರ್ಮ್ ವಾಪಸ್ ಕೊಡ್ತಾರೆ ಅಂದುಕೊಂಡೆ. ವೀಸಾಕ್ಕೆ ಬರ್ತದೆ ಅಂತ ಗೊತ್ತಿರಲಿಲ್ಲ." ಮುದುಕರು ಅಳತೊಡಗಿದರು. ಆಮೇಲೆ ಕಣ್ಣೊರೆಸಿ ಕೇಳಿದರು, "ಹಾಜಿಯವರು ನಿಲ್ತಾರಲ್ಲ?"

ಶರೀಫ್ ಹೇಳಿಕೆಯ ಕಾಗದವನ್ನು ರುಜುವಿಗೆ ಅವರ ಮುಂದಿಟ್ಟ. ವರದಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ಏನು ಬರೆಯಲಿ ಎಂದು ಖಲ್ಫಾನ್ ಕೇಳಿದಾಗ, "ಕೃತಜ್ಞತೆ" ಎಂದ. ಖಲ್ಫಾನ್ 'ವೈಯಕ್ತಿಕ' ಎಂದು ಬರೆದರು.

ಶನಿವಾರ ಪೊಲೀಸರ ಪತ್ರ ಯೂಜಿನ್‌ನ ಕಫೀಲನಿಗೆ ತಲುಪಿತು. ವೀಸಾ ಉಳಿಯಿತು. ಟೀನಾ ಶಾಲೆಗೆ ಹೋದಳು. ಆದರೆ ನಾಮಪತ್ರದ ಕೊನೆಯ ದಿನ ಹಿಂದಿನ ದಿನ ಶುಕ್ರವಾರವೇ ಕಳೆದಿತ್ತು, ಯೂಜಿನ್ ಅರ್ಜಿ ಹಾಕಿರಲಿಲ್ಲ, ಅವನಿಲ್ಲದೆ ಡಮ್ಮಿ ನವಾಝ್ ಕೂಡ ಹಾಕಿರಲಿಲ್ಲ. ರೋಸಲಿನ್ ಫಾರ್ಮನ್ನು ಒಲೆಯ ಮೇಲೆ ಹಿಡಿದು ಸುಟ್ಟಿದ್ದಳು. ಮುದ್ದುಕೃಷ್ಣ ಎಂದಿನಂತೆ ಹಿಂದೆ ಸರಿದ. ಇನ್ನು ಮುಂದೆ ಹಾಜಿಯವರ ಎದುರು ನಿಲ್ಲುವ ಧೈರ್ಯ ಯಾರಿಗೂ ಬರುವ ಹಾಗಿರಲಿಲ್ಲ.

ಅಕ್ಟೋಬರ್ 26, ಶನಿವಾರ, ಬೆಳಿಗ್ಗೆ ಹತ್ತಕ್ಕೆ ಹಾಜಿಯವರು ಠಾಣೆಗೆ ಬಂದರು. ಆರೋಪಿಯ ವಯಸ್ಸು ನೋಡಿ ಕ್ಷಮಿಸಬೇಕೆಂದು ಬಳಗದ ಪರವಾಗಿ ಮನವಿ ತಂದಿದ್ದರು. ಕೆಳಗೆ ಅಧ್ಯಕ್ಷರ ರುಜು. ಹಿಂದಿನ ದಿನವಷ್ಟೇ ಅವಿರೋಧವಾಗಿ ಆಯ್ಕೆಯಾಗಿದ್ದರು.

ಶರೀಫ್ ಅವರನ್ನು ಲಾಕಪ್ಪಿನವರೆಗೆ ಕರೆದುಕೊಂಡು ಹೋದ. ನೀವೇ ಸೋಲಬೇಕೆಂದಿದ್ದಿರಿ ಎಂದು ಮುದುಕರಿಗೆ ಹೇಳಲೇ ಎಂದು ದಾರಿಯಲ್ಲಿ ಮೆಲ್ಲಗೆ ಕೇಳಿದ.

"ಬೇಡ," ಎಂದರು ಹಾಜಿಯವರು. "ಅವರಿಗೆ ಇನ್ನು ಬೇರೆ ಎಂತ ಉಂಟು?"

ಬೊನವೆಂಚರ್ ಸರಳಿನ ಹತ್ತಿರ ಬಂದರು. "ಅವಿರೋಧವಾ?" ಎಂದು ಕೇಳಿದರು.

"ಹೌದು ಬೊನವೆಂಚರಣ್ಣ. ಅವಿರೋಧ," ಎಂದರು ಹಾಜಿಯವರು. ಬೊನವೆಂಚರ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಶರೀಫ್ ಎಂದೂ ಕಂಡಿರಲಿಲ್ಲ. ಹಾಜಿಯವರು ಸರಳು ಹಿಡಿದುಕೊಂಡು, ಕುಳಿತುಕೊಳ್ಳಲು ಒಂದು ಕುರ್ಚಿ ಇದೆಯೇ ಎಂದು ಶರೀಫನನ್ನು ಕೇಳಿದರು.