ತುದಿ ಮಡಚದ ತಂತಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ಆ ಮುಂಜಾನೆ ಮಗ್ಗಗಳು ನಿಂತವು. ನನ್ನ ತಮ್ಮ ಕಳಕಪ್ಪ ನಸುಕಿನಲ್ಲಿ ತೀರಿಕೊಂಡಿದ್ದ. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿತ್ತು.

ಕಳಕಪ್ಪ ವಾಯುಪಡೆಯ ಯುದ್ಧವಿಮಾನ ದಳವೊಂದರಲ್ಲಿ ಮೆಕ್ಯಾನಿಕ್ ಆಗಿದ್ದವ. ಹತ್ತು ವರ್ಷ ಕುಳಿತು ಆ ದಳದ ಇತಿಹಾಸ ಬರೆದಿದ್ದ. ಒಂದೊಂದು ನ್ಯಾಟ್ ವಿಮಾನಕ್ಕೆ ಒಂದೊಂದು ಅಧ್ಯಾಯ. ಹೆಣದ ಎದೆಗೆ ಪದಕ ಇಡಬೇಕೆಂದು ಅವನ ಟ್ರಂಕು ತೆರೆಸಿದೆವು. ೧೯೭೪ರಲ್ಲಿ ಪೈಲಟನೊಂದಿಗೆ ಬಿದ್ದು ಸುಟ್ಟ ವಿಮಾನದ ಅಧ್ಯಾಯವನ್ನು ಅದರೊಳಗಿದ್ದ ಪುಸ್ತಕದಿಂದ ಯಾರೋ ಕತ್ತರಿಸಿ ಒಯ್ದಿದ್ದರು!

ಟ್ರಂಕಿನ ಚಿಲಕಕ್ಕೆ ಕಳಕಪ್ಪ ವಿಮಾನದ ಬೋಲ್ಟು ಸಡಿಲಾಗದಂತೆ ಬಿಗಿಯುವ ಹಾಗೆ ತಂತಿ ಹೊಸೆದು ಕಟ್ಟುತ್ತಿದ್ದ. ಅಂದೂ ಹಾಗೆಯೇ ಕಟ್ಟಿತ್ತು. ಬಿಚ್ಚಿದವರು ನೆರೆಮನೆಯ ನೇಕಾರ ಹೆಣ್ಣುಮಗಳು ರತ್ನವ್ವ. ಊರಿನ ಎಷ್ಟೋ ಕಳವುಗಳನ್ನು ಪೊಲೀಸರಿಗಿಂತ ಮೊದಲು ಪತ್ತೆ ಹಚ್ಚಿದ ಆಕೆಯ ಹಿಂದೆ ನಾನು ಮೂವತ್ತು ವರ್ಷ ಓಡಾಡಿದ್ದೇನೆ. ಬಿಚ್ಚುವಾಗ ಆಕೆಯ ಸೆರಗಿನ ರೇಷ್ಮೆ ಎಳೆ ತಂತಿಗೆ ಸಿಕ್ಕಿ ಹರಿಯಿತು.

"ಈ ಕಟ್ಟು ಇನ್ನೊಬ್ಬಗಷ್ಟ ಬರ್ತೈತಿ!" ನಾನು ರಾಜಮಹ್ಮದನತ್ತ ಬೆರಳು ಮಾಡಿದೆ. ಆತನೂ ಅದೇ ದಳದವ. ಆ ಅಪಘಾತದ ತಪ್ಪು ಹೊತ್ತು ಕೆಲಸ ಕಳೆದುಕೊಂಡವ. "ಪೈಲಟನ್ನ ತಿಂದಿ, ಈಗ ಹಾಳಿನೂ ತಿಂದೇನ್ಲೇ?"

ಆತ ತಲೆ ತಗ್ಗಿಸಿದ. ಆತನ ಹೆಂಡತಿ ಅಲೀಮಾ ಕಳಿಸಿದ್ದ ಚಹಾವನ್ನು ಕಳಕಪ್ಪನ ಮಗಳು ಚೇತನಾ ಎಲ್ಲರಿಗೂ ಕೊಡುತ್ತಿದ್ದಳು. ನಾನು ಮುಟ್ಟಲಿಲ್ಲ. ಚೇತನಾಳ ಹೆಬ್ಬೆರಳಿಗೆ ಸುತ್ತಿದ ಅರಿವೆಯಲ್ಲಿ ಹಸಿ ರಕ್ತವಿತ್ತು.

"ಏನಾತವಾ?" ರತ್ನವ್ವ ಕೇಳಿದರು.

"ಈಗರ ಉಳ್ಳಾಗಡ್ಡಿ ಹೆಚ್ಚಾಕ ಹೋಗಿ ಕೊಯ್ಕೊಂಡೆ, ಅತ್ತಿ."

ರತ್ನವ್ವ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು. "ರಾಜಮಹ್ಮದಣ್ಣ, ತಂತಿ ಹೊಸೆದ ಮ್ಯಾಲೆ ನೀವು ಏನ್ ಮಾಡ್ತೀರಿ?"

"ತುದಿ ಒಳಗ ಮಡಚ್ತೇವ್ರಿ. ಇಲ್ಲಾಂದ್ರ ಮುಂದಿನವನ ಕೈಗೆ ಚುಚ್ಚತೈತಿ."

"ಈ ತುದಿ ಮಡಚಿಲ್ಲ. ನನ್ನ ಸೆರಗು ತಿಂತು. ಟ್ರಂಕು ತೆರೆದದ್ದು ಗೊತ್ತಾಗಬಾರದಂತ ತಿರುಗಿ ಕಟ್ಟಿದವರು ನೋಡಿ ಕಲ್ತವರು, ಮಾಡಿ ಕಲ್ತವರಲ್ಲ. ಅವರ ಕೈಗೂ ಚುಚ್ಚಿರಬೇಕು. ಚೇತನಾ, ಹೆಣ ಇದ್ದ ಮನ್ಯಾಗ ಒಲಿ ಹಚ್ಚೂದಿಲ್ಲ. ಚಹಾನೂ ಹೊರಗಿಂದ ಬಂದೈತಿ. ಉಳ್ಳಾಗಡ್ಡಿ ಯಾರಿಗಂತ ಹೆಚ್ಚಿದಿ?"

ಚೇತನಾ ಸೆರಗಿನೊಳಗೆ ಕೈ ಹಾಕಿದಳು. ಸೊಂಟದಿಂದ ಮಡಚಿದ ಹಾಳೆಗಳು ಹೊರಬಂದವು. "ಸಾಯೂಮುಂದ ಅಪ್ಪ ಇದನ್ನ ರಾಜಮಹ್ಮದ ಕಾಕಾಗ ಕೊಡು ಅಂದ. ಓದಿದೆ. ಅಪ್ಪನ ಹೆಸರು ಹೋಗ್ತೈತಿ ಅಂತ ಕೊಡಲಿಲ್ಲ."

ನಾನೇ ಗಟ್ಟಿಯಾಗಿ ಓದಿದೆ: 'ಬಾಲದ ಬೋಲ್ಟಿಗೆ ತಂತಿ ಕಟ್ಟಲು ಮರೆತವನು ನಾನು. ನನ್ನ ಮಾತು ನಂಬಿ ತಪಾಸಣೆ ಆಗಿದೆಯೆಂದು ಸಹಿ ಹಾಕಿದವನು ರಾಜಮಹ್ಮದ. ವಿಚಾರಣೆಯಲ್ಲಿ ನಾನು ಬಾಯಿ ಬಿಡಲಿಲ್ಲ.'

ಹಾಳೆ ಕೆಳಗಿಟ್ಟೆ. ಐವತ್ತು ವರ್ಷ ನಾನು ರಾಜಮಹ್ಮದನ ಸಲಾಮಿಗೆ ಉತ್ತರ ಕೊಟ್ಟಿರಲಿಲ್ಲ. ಆತನ ಕಾಲಿಗೆ ಬಗ್ಗಿದೆ. ಆತ ಹಿಡಿದೆತ್ತಿದ.

"ಬೋಲ್ಟ್ ನೋಡ್ಲಾರದ ಸಹಿ ಹಾಕಿದವ ನಾನ ಅಲ್ಲೇನ್ರಿ, ಅಣ್ಣಾರ? ಏಳ್ರಿ, ಮಣ್ಣಿಗೆ ಹೊತ್ತಾತು."

ಚೇತನಾ ತನ್ನ ಕೈಯಿಂದಲೇ ಆ ಅಧ್ಯಾಯವನ್ನು ಪುಸ್ತಕದಲ್ಲಿ ಸೇರಿಸಿದಳು. ರಾಜಮಹ್ಮದ ಚಿಲಕಕ್ಕೆ ತಂತಿ ಹೊಸೆದು, ತುದಿ ಮಡಚಿ, ಹೆಣಕ್ಕೆ ಹೆಗಲು ಕೊಟ್ಟ. ನಾನು ಆ ತಣ್ಣನೆಯ ಚಹಾ ಕುಡಿದು ಹಿಂದೆ ನಡೆದೆ.

ತಾಯಿ ಬನಶಂಕರಿ, ನಾನು ಹೆಸರೂ ಕೇಳದ ಆ ಪೈಲಟನಿಗೆ ಮೊದಲು ಶಾಂತಿ ಕೊಡು. ಆಮೇಲೆ ನನ್ನ ತಮ್ಮನಿಗೆ.