ಈ ಸಲ ಕೋಳ ನಾನೇ ತೊಡಿಸ್ತೀನಿ

ಬಾಗಿಲು ಒದ್ದು ಒಳಗೆ ನುಗ್ಗಿದ ಅವನು, ಕುರ್ಚಿಗೆ ಕಟ್ಟಿಹಾಕಿದ್ದ ಅವಳ ಮುಂದೆ ಮಂಡಿಯೂರಿದ.

"ಹೆದರಬೇಡ. ನಾನು ಬಂದಿದ್ದೀನಿ."

ಅವಳು ಎರಡೂ ಕೈಗಳನ್ನು ಮುಂದೆ ತಂದಳು. ಹಗ್ಗ ಅವಳ ಮುಷ್ಟಿಯಲ್ಲೇ ಇತ್ತು.

"ಬಂದಿದ್ದು ಸಂತೋಷ. ಗಂಟು ಆಗಲೇ ಬಿಚ್ಕೊಂಡಿದ್ದೀನಿ. ಕೂತ್ಕೊಳ್ಳಿ, ಸುಸ್ತಾಗಿರ್ಬೇಕು."

ಕ್ಯಾಮೆರಾ ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಕಟ್" ಎಂದ ನಿರ್ದೇಶಕರ ದನಿಯಲ್ಲಿ ನಗು ಇರಲಿಲ್ಲ.

ಅದು ಪತ್ತೇದಾರಿ ಧಾರಾವಾಹಿಯ ಸೆಟ್ಟು. ಅವಳದು ಸಹಾಯಕ ಪೊಲೀಸ್ ಅಧಿಕಾರಿಯ ಪಾತ್ರ. ಸುಳಿವು ಹುಡುಕುವವಳು ಅವಳು, ಕೊಲೆಗಾರ ಯಾರೆಂದು ಪತ್ತೆ ಹಚ್ಚುವವಳೂ ಅವಳು. ಕಂತು ಮುಗಿಯುವ ಹೊತ್ತಿಗೆ ಅದೇ ಕೊಲೆಗಾರನ ಕೈಗೆ ಸಿಕ್ಕಿ ಕಿರುಚುವವಳೂ ಅವಳೇ. ಬಿಡಿಸಲು ಇನ್‌ಸ್ಪೆಕ್ಟರ್ ಬರಬೇಕು. ಹಳೆಯ ಇನ್‌ಸ್ಪೆಕ್ಟರ್ ಸಿನಿಮಾಕ್ಕೆ ಹೋಗಿದ್ದ. ಇವನು ಹೊಸ ಹೀರೋ, ಇವತ್ತೇ ಮೊದಲ ದಿನ.

'ವಾರ ವಾರ ಅದ್ಹೇಗೆ ಸಿಕ್ಕಿಹಾಕ್ಕೋತೀಯೆ? ತಲೆ ಮನೇಲಿ ಬಿಟ್ಟು ಹೋಗ್ತೀಯಾ?' ಎಂದು ಅಮ್ಮ ಟಿವಿ ಮುಂದೆ ಕೂತು ಬೈಯುವುದಿತ್ತು. ಅವಳಿಗೆ ನಗುವೂ ಬರುತ್ತಿತ್ತು, ಉರಿಯೂ ಏಳುತ್ತಿತ್ತು.

"ಬರೆದಿರೋದನ್ನ ಮಾತ್ರ ಹೇಳಮ್ಮ," ಎಂದರು ನಿರ್ದೇಶಕರು.

ಹೇಳಿದಳು. ಹಗ್ಗ ಕಟ್ಟಿಸಿಕೊಂಡಳು. ಅತ್ತಳು.

ಬಿಡುವಿನಲ್ಲಿ ಅವನು ಎರಡು ಲೋಟ ಕಾಫಿ ಹಿಡಿದು ಬಂದ.

"ಮೊದಲು ನೀವು ಹೇಳಿದ್ದೇ ಚೆನ್ನಾಗಿತ್ತು. ನನಗೆ ನಿಜವಾಗ್ಲೂ ಸುಸ್ತಾಗಿತ್ತು. ಬೆಳಗ್ಗೆಯಿಂದ ಆ ಬಾಗಿಲು ಒದೀತಾ ಇದ್ದೀನಿ."

ಅವಳು ತಡೆಯಲಾರದೆ ನಕ್ಕಳು.

ಆಮೇಲೆ ಆ ಕಾಫಿ ರೂಢಿಯಾಯಿತು. ಅವನು ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತಿದ್ದ. ಅವಳ ಸಿಟ್ಟಿಗೆ ಹೆದರುತ್ತಿರಲಿಲ್ಲ. 'ಶೂಟಿಂಗ್ ಇಲ್ಲದ ದಿನ ಯಾಕೋ ಮಂಕಾಗಿರುತ್ತೆ... ಏನಾಗ್ತಿದೆ ನನಗೆ?' ಎಂದು ಅವಳು ತನ್ನನ್ನೇ ಕೇಳಿಕೊಳ್ಳತೊಡಗಿದ್ದಳು.

ಆದರೆ ನಿರ್ದೇಶಕರೊಂದಿಗಿನ ಜಟಾಪಟಿ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನಿರ್ಮಾಪಕರು ಕರೆಸಿದರು.

"ನಿನ್ನ ಪಾತ್ರ ಸಾಯಿಸ್ತಿದ್ದೀವಮ್ಮ. ಹೀರೋ ಸೇಡು ತೀರಿಸ್ಕೊಳ್ಳೋಕೆ ಒಂದು ಕಾರಣ ಬೇಕು."

"ಅವರಿಗೆ ಕೋಪ ಬರಲಿ ಅಂತ ನಾನು ಸಾಯಬೇಕಾ?"

"ಜನ ಅಳ್ತಾರೆ. ಅತ್ತರೆ ನೋಡ್ತಾರೆ."

ಆ ಕೋಣೆಯಲ್ಲಿ ಅವಳು ಎಷ್ಟು ವಾದಿಸಿದರೂ ನಡೆಯಲಿಲ್ಲ. ಆದರೆ ಮರುದಿನ ನೋಡಿದರೆ ಪಾತ್ರ ಉಳಿದಿತ್ತು. ತನ್ನ ಮಾತು ನಾಟಿತೆಂದು ಅವಳು ಹಿಗ್ಗಿದಳು.

"ಅಯ್ಯೋ, ನಿನಗೆ ಗೊತ್ತಿಲ್ವಾ?" ಎಂದಳು ಮೇಕಪ್ ಅಕ್ಕ, ಅವಳ ಹುಬ್ಬು ತೀಡುತ್ತ. "ಹೀರೋ ನಿರ್ಮಾಪಕರ ಹತ್ರ ಹೋಗಿ ಕೂತಿದ್ರಂತೆ. ಅವಳು ಹೋದ್ರೆ ನಾನೂ ಹೋಗ್ತೀನಿ ಅಂದ್ರಂತೆ."

ಅವಳ ಮುಖ ಕೆಂಪೇರಿತು. ಅರ್ಧ ಮೇಕಪ್ಪಿನಲ್ಲೇ ಎದ್ದು ಹೋಗಿ ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು.

"ಯಾರು ಕೇಳಿದ್ದು ನಿಮ್ಮನ್ನ?"

"ನಿಮ್ಮ ಕೆಲಸ ಹೋಗ್ತಿತ್ತು..."

"ಹೋಗ್ತಿತ್ತು. ನಾನು ಜಗಳ ಆಡ್ತಿದ್ದೆ. ಆ ಜಗಳ ನಂದು. ಕ್ಯಾಮೆರಾ ಮುಂದೆ ಕಾಪಾಡಿದ್ದು ಸಾಲಲಿಲ್ವಾ? ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಹೀರೋ ಕೃಪೆಯಿಂದ ಉಳ್ಕೊಂಡಳು ಅಂತ."

ಅಂದಿನಿಂದ ಇಬ್ಬರ ಕಾಫಿ ನಿಂತುಹೋಯಿತು. 'ಬರೀ ಕನಿಕರ. ನಾನೇ ಏನೇನೋ ಅಂದ್ಕೊಂಡೆ...' ಎಂದುಕೊಂಡಳು ಅವಳು. ಆದರೂ ಅಳಲಿಲ್ಲ.

ಮುಂದಿನ ಕಂತಿನ ಸಂಭಾಷಣೆ ಓದಲು ಎಲ್ಲರೂ ಸೇರಿದ ದಿನ, ಇಡೀ ತಂಡದ ಎದುರು ಎದ್ದು ನಿಂತಳು.

"ಕೊಲೆಗಾರನ್ನ ಪತ್ತೆ ಮಾಡೋದು ನಾನು, ಹಿಡಿಯೋದೂ ನಾನೇ. ಈ ಸಲ ಕೋಳ ನಾನೇ ತೊಡಿಸ್ತೀನಿ ಸರ್. ಆಗಲ್ಲ ಅಂದ್ರೆ ಇವತ್ತೇ ಹೊರಡ್ತೀನಿ. ನನ್ನ ಪರವಾಗಿ ಯಾರೂ ಮಾತಾಡೋದು ಬೇಡ."

ಕೊನೆಯ ಮಾತು ಯಾರಿಗೆಂದು ಎಲ್ಲರಿಗೂ ತಿಳಿಯಿತು. ನಿರ್ಮಾಪಕರು ಅವನತ್ತ ತಿರುಗಿದರು.

"ಏನಪ್ಪಾ, ಕ್ಲೈಮ್ಯಾಕ್ಸಲ್ಲಿ ನೀನಿಲ್ಲದಿದ್ರೆ ಒಪ್ತೀಯಾ?"

"ನನ್ನನ್ಯಾಕೆ ಕೇಳ್ತೀರಿ ಸರ್? ಮಾತಾಡ್ತಿರೋದು ಅವರು. ಅವರಿಗೇ ಉತ್ತರ ಕೊಡಿ."

ಅವಳ ಎದೆಯಲ್ಲಿ ಬಿಗಿದುಕೊಂಡಿದ್ದ ಏನೋ ಸ್ವಲ್ಪ ಸಡಿಲವಾಯಿತು.

"ಹೆಂಗಸು ಕೋಳ ತೊಡಿಸಿದ್ರೆ ಜನ ನಂಬ್ತಾರೇನಮ್ಮ?" ಎಂದರು ನಿರ್ಮಾಪಕರು.

"ಅಷ್ಟು ಬುದ್ಧಿವಂತೆ ವಾರ ವಾರ ಕೊನೇಲಿ ದಡ್ಡಿ ಆಗೋದನ್ನ ನಂಬಿದ್ದಾರೆ. ಇದನ್ನ ನಂಬಲ್ವಾ?"

ಮೇಕಪ್ ಅಕ್ಕ ಗೊಳ್ಳೆಂದು ನಕ್ಕಳು. ಲೈಟಿನವರೂ ನಕ್ಕರು. ನಿರ್ಮಾಪಕರು ಕನ್ನಡಕ ಒರೆಸುತ್ತ, "ಒಂದೇ ಕಂತು. ಆಮೇಲೆ ನೋಡೋಣ," ಎಂದರು.

ಆ ದೃಶ್ಯದಲ್ಲಿ ಅವಳು ಗೋದಾಮಿನ ಉದ್ದಕ್ಕೂ ಓಡಿದಳು, ಎಡವಿದಳು, ಎದ್ದಳು. ಕೊಲೆಗಾರನನ್ನು ಗೋಡೆಗೊತ್ತಿ ಕೋಳ ಬಿಗಿದಾಗ ಅವಳ ಉಸಿರಾಟವೊಂದೇ ಕೇಳುತ್ತಿತ್ತು. ನಿರ್ದೇಶಕರು 'ಕಟ್' ಹೇಳುವುದನ್ನೇ ಮರೆತರು.

ಸಂಜೆ ಹೊರಗೆ ಬಂದಾಗ ಅವನು ಸ್ಟುಡಿಯೋ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

"ನಿಮ್ಮನ್ನ ಕೇಳದೆ ನಿರ್ಮಾಪಕರ ಹತ್ರ ಹೋಗಿದ್ದು ತಪ್ಪು," ಎಂದ ಅವನು. "ಆದ್ರೆ ಕನಿಕರಕ್ಕಲ್ಲ. ನೀವಿಲ್ಲದ ಸೆಟ್ಟಿಗೆ ಬರೋಕೆ ನನಗೆ ಆಗ್ತಿರಲಿಲ್ಲ. ಅದನ್ನ ನಿಮಗೆ ಹೇಳೋ ಧೈರ್ಯ ಇರಲಿಲ್ಲ. ಅವರ ಹತ್ರ ಹೇಳಿಬಂದೆ."

"ಈಗ ಧೈರ್ಯ ಬಂತಾ?"

"ಅರ್ಧ..."

"ಮಿಕ್ಕಿದ್ದು ನಾನೇ ಹೇಳ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವನ ಕಣ್ಣು ತುಂಬಿ ಬಂತು. ಮೆಲ್ಲಗೆ ಕೇಳಿದ.

"ನನಗೂ... ಇನ್ನು ಮೇಲೆ 'ನೀನು' ಅನ್ಲಾ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಅನ್ನು. ಕೇಳಿದೆಯಲ್ಲ, ಅಷ್ಟು ಸಾಕು ಕಣೋ."